ಒಂದೇ ಅರ್ಥಕ್ಕೆ ಒಗ್ಗದ ಸಿನಿಮಾವನ್ನು ಬಿಡಿಸಿಕೊಳ್ಳುವ ಕ್ರಮ: ಪ್ರೇಮ, ಸಾವು, ಅಮರತ್ವದ ಚಿತ್ರಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಿತ್ರ ಮುಗಿದ ಕೂಡಲೇ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಹಾಗಾದರೆ ಕೊನೆಯಲ್ಲಿ ನಡೆದದ್ದು ನಿಜವೋ, ಕನಸೋ?" ಪ್ರೀತಿಸಿದವಳು ಸಾಯುತ್ತಾಳೆ, ಅವನು ಸಾವನ್ನೇ ಗೆಲ್ಲಲು ಹೊರಡುತ್ತಾನೆ, ಕಾಲ ಹಿಂದುಮುಂದಾಗುತ್ತದೆ, ಪರದೆಯ ತುಂಬ ಬೆಳಕು ಹರಡಿ ಕತೆ ನಿಲ್ಲುತ್ತದೆ. ನೋಡಿದವರು ಕೂಡಲೇ ಕೊನೆಯ ದೃಶ್ಯಕ್ಕೊಂದು ಉತ್ತರ ಹುಡುಕುತ್ತಾರೆ. ಆಮೇಲೆ ಉಳಿದ ಚಿತ್ರವನ್ನೆಲ್ಲ ಆ ಉತ್ತರದ ಅಳತೆಗೆ ಕತ್ತರಿಸುತ್ತಾರೆ. ಅಳತೆಗೆ ಸಿಗದ ದೃಶ್ಯಗಳನ್ನು "ಅದು ಸಾಂಕೇತಿಕ" ಎಂದು ಪಕ್ಕಕ್ಕಿಡುತ್ತಾರೆ.

ಇದು ಬುದ್ಧಿಯ ಕೊರತೆಯಲ್ಲ, ಕ್ರಮದ ತಪ್ಪು. ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಿದರೆ ಯಾವ ಚಿತ್ರವೂ ಬಾಯಿ ಬಿಡುವುದಿಲ್ಲ. ಇಲ್ಲಿರುವುದು ಒಂಬತ್ತು ಹಂತಗಳ ಕ್ರಮ. ಹಂತಗಳನ್ನು ಅದಲುಬದಲು ಮಾಡಬೇಡಿ. ಮುಖ್ಯವಾಗಿ, ಐದನೆಯ ಹಂತಕ್ಕೆ ಮೊದಲು "ಸಂಕೇತ" ಎಂಬ ಮಾತನ್ನು ಎತ್ತಲೇಬೇಡಿ.

ಉದಾಹರಣೆ ಇಲ್ಲದೆ ಇದನ್ನು ಕಲಿಸಲಾಗುವುದಿಲ್ಲ. ಆದ್ದರಿಂದ ಉದ್ದಕ್ಕೂ ಒಂದೇ ಚಿತ್ರವನ್ನು ಇಟ್ಟುಕೊಂಡಿದ್ದೇನೆ: ಡ್ಯಾರೆನ್ ಅರೊನೊಫ್ಸ್ಕಿ ನಿರ್ದೇಶನದ, 2006ರ 'ದಿ ಫೌಂಟನ್'. ಅದರಲ್ಲಿ ಮೂರು ಎಳೆಗಳಿವೆ. ಒಂದರಲ್ಲಿ ತೊಮಾಸ್ ಎಂಬ ಸ್ಪೇನ್‌ನ ಯೋಧ ತನ್ನ ರಾಣಿ ಇಸಬೆಲ್‌ಗಾಗಿ ಮಧ್ಯ ಅಮೆರಿಕದ ಮಾಯಾ ಎಂಬ ಜನರ ಕಾಡಿನಲ್ಲಿ, ಸಾವಿಲ್ಲದಂತೆ ಮಾಡುವ ಜೀವವೃಕ್ಷವನ್ನು ಹುಡುಕುತ್ತಾನೆ. ಎರಡನೆಯದರಲ್ಲಿ ಟಾಮಿ ಎಂಬ ವೈದ್ಯ ವಿಜ್ಞಾನಿ, ಮಿದುಳಿನ ಗಡ್ಡೆಯಿಂದ ಸಾಯುತ್ತಿರುವ ಹೆಂಡತಿ ಇಜ್ಜಿಯನ್ನು ಉಳಿಸಲು ಪ್ರಯೋಗಶಾಲೆಯಲ್ಲಿ ಹೆಣಗುತ್ತಾನೆ. ಮೂರನೆಯದರಲ್ಲಿ ಬೋಳು ತಲೆಯ ಪಯಣಿಗನೊಬ್ಬ ಪಾರದರ್ಶಕ ಗೋಳದೊಳಗೆ ಒಂದು ಮರದೊಂದಿಗೆ ನಕ್ಷತ್ರದ ಕಡೆಗೆ ಸಾಗುತ್ತಾನೆ. ಮೂವರೂ ಹ್ಯೂ ಜಾಕ್‌ಮನ್. ರಾಣಿ ಮತ್ತು ಹೆಂಡತಿ ಇಬ್ಬರೂ ರೇಚಲ್ ವೈಜ್. ಚಿತ್ರವನ್ನು ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದು ಮುಂದೆ ಓದಿ. ಕೊನೆಯವರೆಗಿನ ಎಲ್ಲ ವಿವರವೂ ಕೆಳಗಿದೆ.

ಬೇಕಾಗುವ ಸಲಕರಣೆ

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಒಳ್ಳೆಯ ಹೆಡ್‌ಫೋನ್, ನಿಲ್ಲಿಸಿ ಹಿಂದಕ್ಕೆ ಹೋಗಬಹುದಾದ ಪರದೆ. ಒಂದು ಬಣ್ಣ ಕಂಡದ್ದಕ್ಕೆ, ಇನ್ನೊಂದು ನಿಮ್ಮ ಊಹೆಗೆ. ಎರಡು ಬಣ್ಣ ಎಂದದ್ದು ಅಂದಕ್ಕಲ್ಲ. ಒಂದೇ ಬಣ್ಣದಲ್ಲಿ ಬರೆದರೆ ವಾರ ಕಳೆದ ಮೇಲೆ ಯಾವುದು ಪರದೆಯ ಮೇಲಿತ್ತು, ಯಾವುದು ತಲೆಯೊಳಗಿತ್ತು ಎಂಬುದು ನಿಮಗೇ ತಿಳಿಯುವುದಿಲ್ಲ.

ಸಮಯವೂ ಬೇಕು. ಮೂರು ಸಲ ನೋಡಬೇಕಾಗುತ್ತದೆ. ನಮ್ಮ ಉದಾಹರಣೆಯ ಚಿತ್ರ 96 ನಿಮಿಷದ್ದು, ಅಂದರೆ ಮೂರು ನೋಟಕ್ಕೆ ಐದು ಗಂಟೆಯೂ ಆಗುವುದಿಲ್ಲ. ಆದರೆ ಒಂದೇ ದಿನದಲ್ಲಿ ಮುಗಿಸಬೇಡಿ. ಮೊದಲ ಮತ್ತು ಎರಡನೆಯ ನೋಟದ ನಡುವೆ ಕನಿಷ್ಠ ಎರಡು ರಾತ್ರಿ ಕಳೆಯಲಿ.

ಹಂತ 1: ಮೊದಲ ನೋಟದಲ್ಲಿ ಪೆನ್ನು ಮುಟ್ಟಬೇಡಿ

ಮೊದಲ ಸಲ ನಿಲ್ಲಿಸದೆ, ಬರೆಯದೆ, ಮೊಬೈಲ್ ದೂರವಿಟ್ಟು ನೋಡಿ. ಅರ್ಥವಾಗದ ದೃಶ್ಯ ಬಂದರೆ ಹಿಂದಕ್ಕೆ ಹೋಗಬೇಡಿ. ಆ ಗೊಂದಲ ಎಲ್ಲಿ ಹುಟ್ಟಿತು, ಎಷ್ಟು ಹೊತ್ತು ಉಳಿಯಿತು ಎಂಬುದೇ ಮುಂದೆ ನಿಮಗೆ ಸಿಗುವ ದೊಡ್ಡ ಸಾಕ್ಷ್ಯ. ನಿಲ್ಲಿಸಿ ತಿಳಿದುಕೊಂಡರೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ.

ಮುಗಿದ ಮೇಲೆ ಮೂರೇ ಸಾಲು ಬರೆಯಿರಿ. ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ದಾರಿ ತಪ್ಪಿತು, ಯಾವ ಚಿತ್ರಿಕೆ ಕಣ್ಣಿನಿಂದ ಹೋಗಲಿಲ್ಲ. ವಿವರಣೆ ಬೇಡ. ನನಗೆ ಮೊದಲ ಸಲ ಉಳಿದದ್ದು ಹೆಂಡತಿಯ ಕತ್ತಿನ ಹಿಂದಿನ ಸಣ್ಣ ಕೂದಲು. ಆಗ ಅದು ಅಪ್ರಸ್ತುತ ಎನ್ನಿಸಿತ್ತು. ನಾಲ್ಕನೆಯ ಹಂತಕ್ಕೆ ಬಂದಾಗ ಅದೇ ಬಾಗಿಲು ತೆರೆಯಿತು.

ಎಚ್ಚರಿಕೆಯ ಸೂಚನೆ: ಚಿತ್ರ ಅರ್ಧಕ್ಕೆ ಬರುವಷ್ಟರಲ್ಲೇ "ಓಹೋ, ಇದು ಹೀಗೆ" ಎಂದು ನಿಮಗೆ ಅನ್ನಿಸಿದರೆ ಆ ಹೊತ್ತನ್ನು ಗುರುತಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ನೀವು ನೋಡಿದ್ದು ಚಿತ್ರವನ್ನಲ್ಲ, ನಿಮ್ಮ ಊಹೆಗೆ ಒಪ್ಪುವ ತುಣುಕುಗಳನ್ನು.

ಹಂತ 2: ಕಂಡದ್ದನ್ನು ಮಾತ್ರ ದಾಖಲಿಸಿ

ಎರಡನೆಯ ನೋಟಕ್ಕೆ ನೋಟ್‌ಬುಕ್ ತೆರೆಯಿರಿ. ಪ್ರತಿ ದೃಶ್ಯಕ್ಕೆ ಒಂದೆರಡು ಸಾಲು ಸಾಕು. ನಿಯಮ ಒಂದೇ: ಕ್ಯಾಮೆರಾ ಕಂಡಿದ್ದನ್ನು ಬರೆಯಿರಿ, ನೀವು ತಿಳಿದಿದ್ದನ್ನಲ್ಲ.

ಹೇಳುವಷ್ಟು ಸುಲಭವಲ್ಲ ಇದು. ಪಯಣಿಗನ ಎಳೆಗೆ ಹೆಚ್ಚಿನವರು ಮೊದಲ ಸಾಲಿನಲ್ಲೇ "ಭವಿಷ್ಯ" ಎಂದು ತಲೆಬರಹ ಕೊಡುತ್ತಾರೆ. ನಾನೂ ಹಾಗೇ ಬರೆದಿದ್ದೆ. ಆ ಒಂದು ಪದದಲ್ಲಿ ತೀರ್ಪು ಮುಗಿದುಹೋಗಿತ್ತು: ಅದು ನಿಜವಾಗಿ ನಡೆಯುತ್ತದೆ, ಮುಂದೆ ನಡೆಯುತ್ತದೆ, ಅದೇ ಮನುಷ್ಯನಿಗೆ ನಡೆಯುತ್ತದೆ. ಮೂರನ್ನೂ ಯಾರೂ ಸಾಬೀತು ಮಾಡಿರಲಿಲ್ಲ. ಸರಿಯಾದ ದಾಖಲೆ ಹೀಗಿರಬೇಕು: "ಬೋಳು ತಲೆಯ ಗಂಡಸು. ಪಾರದರ್ಶಕ ಗೋಳ. ಒಂದು ಮರ. ಮರದ ತೊಗಟೆ ಬಿಡಿಸಿ ತಿನ್ನುತ್ತಾನೆ. ತೋಳಿನ ಉದ್ದಕ್ಕೂ ಕಪ್ಪು ಪಟ್ಟಿಗಳ ಹಚ್ಚೆ." ಎಳೆಗಳಿಗೆ ಹೆಸರು ಬೇಕೇ ಬೇಕು ಎನ್ನಿಸಿದರೆ ಕ, ಖ, ಗ ಎಂದು ಕರೆಯಿರಿ.

ಪಾತ್ರಗಳ ಹೆಸರನ್ನು ಮಾತ್ರ ಅಕ್ಷರ ಬಿಡದೆ ಬರೆದುಕೊಳ್ಳಿ. ತೊಮಾಸ್ ಮತ್ತು ಟಾಮಿ, ಇಸಬೆಲ್ ಮತ್ತು ಇಜ್ಜಿ ಒಂದೇ ಬೇರಿನ ಹೆಸರುಗಳು. ಟಾಮಿಯ ಕುಲನಾಮ ಕ್ರಿಯೋ. ಸ್ಪ್ಯಾನಿಷ್‌ನಲ್ಲಿ ಆ ಒಂದೇ ರೂಪಕ್ಕೆ "ನಂಬುತ್ತೇನೆ" ಎಂದೂ ಅರ್ಥವಿದೆ, "ಸೃಷ್ಟಿಸುತ್ತೇನೆ" ಎಂದೂ ಅರ್ಥವಿದೆ. ಈಗಲೇ ಇದರಿಂದ ಏನನ್ನೂ ತೀರ್ಮಾನಿಸಬೇಡಿ. ಅಂಚಿನಲ್ಲಿ ಊಹೆಯ ಬಣ್ಣದಲ್ಲಿ ಬರೆದು ಮುಂದಕ್ಕೆ ಹೋಗಿ.

ಹಂತ 3: ಈ ದೃಶ್ಯವನ್ನು ಹೇಳುತ್ತಿರುವವರು ಯಾರು?

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಜನ ಹಾರಿಹೋಗುವ ಹಂತ ಇದು. ಹಾರಿದರೆ ಮುಂದಿನದೆಲ್ಲ ವ್ಯರ್ಥ. "ಏನಾಯಿತು" ಎಂದು ಕೇಳುವ ಮೊದಲು, "ಇದು ನಮಗೆ ಯಾರ ಮೂಲಕ ಬರುತ್ತಿದೆ" ಎಂದು ಪ್ರತಿ ದೃಶ್ಯಕ್ಕೂ ಕೇಳಿ. ಒಬ್ಬರ ನೆನಪೇ, ಒಬ್ಬರು ಬರೆದ ಕತೆಯೇ, ಕನಸೇ, ಅಥವಾ ಯಾರ ಹಂಗೂ ಇಲ್ಲದೆ ಕ್ಯಾಮೆರಾ ನೇರವಾಗಿ ತೋರಿಸುತ್ತಿರುವುದೇ?

ನೋಟ್‌ಬುಕ್‌ನ ಪ್ರತಿ ದೃಶ್ಯದ ಪಕ್ಕದಲ್ಲಿ ಅದಕ್ಕೆ "ಪ್ರವೇಶದ ಬಾಗಿಲು" ಯಾವುದು ಎಂದು ಬರೆಯಿರಿ. ಅಂದರೆ ಹಿಂದಿನ ದೃಶ್ಯ ಯಾವ ಕ್ಷಣದಲ್ಲಿ ಕಡಿದು ಈ ದೃಶ್ಯ ಬಂತು, ಆಗ ಯಾರ ಮುಖ ಪರದೆಯ ಮೇಲಿತ್ತು, ಯಾರ ಕೈಯಲ್ಲಿ ಏನಿತ್ತು.

ಈ ಕೆಲಸವನ್ನು ತಾಳ್ಮೆಯಿಂದ ಮಾಡಿದರೆ ಸ್ಪೇನ್‌ನ ಎಳೆಯ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇಜ್ಜಿ ಕೈಬರಹದಲ್ಲಿ ಒಂದು ಪುಸ್ತಕ ಬರೆಯುತ್ತಿದ್ದಾಳೆ. ಟಾಮಿ ಅದನ್ನು ತೆರೆದು ಓದತೊಡಗಿದಾಗ ನಾವು ರಾಣಿಯ ಆಸ್ಥಾನಕ್ಕೆ ಹೋಗುತ್ತೇವೆ. ಹಾಗಾದರೆ ಆ ಎಳೆ ಇತಿಹಾಸವಲ್ಲ, ಸಾಯುತ್ತಿರುವ ಹೆಂಗಸೊಬ್ಬಳು ತನ್ನ ಗಂಡನಿಗಾಗಿ ಬರೆದ ಕತೆ. ರಾಣಿಯ ರಾಜ್ಯವನ್ನು ಒಳಗಿನಿಂದಲೇ ನುಂಗುತ್ತಾ ಬರುವ ಧರ್ಮವಿಚಾರಣಾಧಿಕಾರಿ (ಮತಕ್ಕೆ ವಿರುದ್ಧ ನಡೆದವರನ್ನು ಶಿಕ್ಷಿಸುವ ಚರ್ಚಿನ ಅಧಿಕಾರಿ) ಇಜ್ಜಿಯ ತಲೆಯೊಳಗಿನ ಗಡ್ಡೆ. ಕಾಡಿಗೆ ಹೋದ ಯೋಧ ಪ್ರಯೋಗಶಾಲೆಗೆ ಹೋದ ಗಂಡ. ಅವನು ದೂರ ಹೋಗಿದ್ದಾನೆ, ಬೇಗ ಬರಲಿ ಎಂಬುದು ಆ ಕತೆಯ ಒಳದನಿ. ಇದು ತಿಳಿದ ಮೇಲೆ ಆಸ್ಥಾನದ ದೃಶ್ಯವನ್ನು ಮತ್ತೊಮ್ಮೆ ನೋಡಿ. ರಾಣಿ ಕೊಡುವ ಮಾತು ಹೆಂಡತಿಯ ಬೇಡಿಕೆಯಾಗಿ ಕೇಳಿಸುತ್ತದೆ.

ಕೊನೆಯ ಅಧ್ಯಾಯ ಖಾಲಿಯಾಗಿದೆ. ಅದನ್ನು ಮುಗಿಸು ಎಂದು ಅವಳು ಗಂಡನಿಗೆ ಹೇಳಿ ಹೋಗುತ್ತಾಳೆ. ಈ ಸಂಗತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಪಯಣಿಗನ ಎಳೆಗೆ ಬನ್ನಿ. ಯೋಧನ ಎಳೆಗೆ ಪುಸ್ತಕವೆಂಬ ಬಾಗಿಲಿದ್ದಂತೆ ಇದಕ್ಕೆ ಸ್ಪಷ್ಟ ಬಾಗಿಲಿಲ್ಲ. ಯಾರೂ ಅದನ್ನು ಓದುವುದಿಲ್ಲ, ಯಾರೂ ಅದರಿಂದ ಎಚ್ಚರಗೊಳ್ಳುವುದಿಲ್ಲ. ಇಜ್ಜಿಯ ರೂಪ ಮಾತ್ರ ಮತ್ತೆ ಮತ್ತೆ ಅಲ್ಲಿಗೆ ಬಂದು, ಮುಗಿಸು ಎನ್ನುತ್ತದೆ. ಚಿತ್ರದ ಅಸ್ಪಷ್ಟತೆ ಎಲ್ಲ ಕಡೆ ಹರಡಿಲ್ಲ, ಈ ಒಂದೇ ಎಳೆಯಲ್ಲಿ ಇದೆ. "ಏನೂ ಅರ್ಥವಾಗಲಿಲ್ಲ" ಎಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಗಂಟು ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಸಾಮಾನ್ಯ ತಪ್ಪು: ಒಂದು ಎಳೆಗೆ ನಿರೂಪಕ ಸಿಕ್ಕಿದ ಕೂಡಲೇ ಎಲ್ಲ ಎಳೆಗಳಿಗೂ ಅದನ್ನೇ ಹೊದಿಸುವುದು. ಯೋಧನ ಕತೆ ಪುಸ್ತಕದ್ದು ಎಂದ ಮಾತ್ರಕ್ಕೆ ಪಯಣಿಗನ ಕತೆಯೂ ಪುಸ್ತಕದ್ದೇ ಆಗಬೇಕಿಲ್ಲ. ಅದನ್ನು ಬೇರೆಯಾಗಿ ಸಾಧಿಸಬೇಕು.

ಹಂತ 4: ಮರಳಿ ಬರುವ ವಸ್ತುಗಳ ಜಾಡು ಹಿಡಿಯಿರಿ

ಪಾತ್ರಗಳ ಮಾತಿಗಿಂತ ವಸ್ತುಗಳನ್ನು ನಂಬಿ. ಮಾತು ಸಮಾಧಾನಕ್ಕಾಗಿ ಬರಬಹುದು, ಭಯದಿಂದ ಬರಬಹುದು. ಒಂದು ವಸ್ತು ಮೂರನೆಯ ಸಲ ಬಂತೆಂದರೆ ಅದನ್ನು ಯಾರೋ ಯೋಚಿಸಿಯೇ ಅಲ್ಲಿಟ್ಟಿದ್ದಾರೆ. ಪ್ರತಿ ವಸ್ತುವಿಗೆ ಒಂದು ಪುಟ ಕೊಟ್ಟು, ಅದು ಯಾವ ಎಳೆಯಲ್ಲಿ, ಯಾರ ಕೈಯಲ್ಲಿ, ಯಾವ ಸ್ಥಿತಿಯಲ್ಲಿ ಕಂಡಿತು ಎಂದು ಅನುಕ್ರಮವಾಗಿ ಬರೆಯಿರಿ.

ಉಂಗುರವನ್ನೇ ತೆಗೆದುಕೊಳ್ಳೋಣ. ರಾಣಿ ಯೋಧನಿಗೆ ಉಂಗುರ ಕೊಡುತ್ತಾಳೆ, ಕೆಲಸ ಮುಗಿಸಿ ಬಂದ ಮೇಲೆ ತೊಟ್ಟುಕೊಳ್ಳಬೇಕು. ಟಾಮಿ ಶಸ್ತ್ರಚಿಕಿತ್ಸೆಗೆ ಮೊದಲು ಮದುವೆಯ ಉಂಗುರ ತೆಗೆದಿಡುತ್ತಾನೆ, ಮರಳಿ ಬಂದಾಗ ಅದಿಲ್ಲ. ಹೆಂಡತಿ ಹೋದ ಮೇಲೆ ಅದೇ ಬೆರಳಿಗೆ ಉಂಗುರದ ಆಕಾರದಲ್ಲಿ ತಾನೇ ಹಚ್ಚೆ ಚುಚ್ಚಿಕೊಳ್ಳುತ್ತಾನೆ. ಪಯಣಿಗನ ಬೆರಳಿನಲ್ಲಿ ಆ ಹಚ್ಚೆ ಇದೆ. ಅಲ್ಲಿಂದ ತೋಳಿನುದ್ದಕ್ಕೂ ಪಟ್ಟಿಯ ಮೇಲೆ ಪಟ್ಟಿ, ಕಡಿದ ಮರದಲ್ಲಿ ಕಾಣುವ ವರ್ಷದ ಉಂಗುರಗಳ ಹಾಗೆ. ಕೊನೆಯಲ್ಲಿ ನಿಜವಾದ ಉಂಗುರ ಪಯಣಿಗನ ಬೆರಳಿಗೆ ಬರುತ್ತದೆ. ಜಾಡಿನ ಈ ಪುಟವನ್ನು ಒಮ್ಮೆ ಓದಿ ನೋಡಿ: ಕೊಟ್ಟ ಮಾತು, ಕಳೆದುಹೋದ ಮಾತು, ಗಾಯವಾದ ಮಾತು, ಮರಳಿ ಸಿಕ್ಕ ಮಾತು. ಅರ್ಥ ಹುಡುಕುವ ಮೊದಲೇ ಒಂದು ಕತೆ ಅಲ್ಲಿದೆ.

ಇನ್ನೂ ಒಂದು ವಿವರ ಇದೆ, ಬಹಳ ಜನ ಗಮನಿಸುವುದಿಲ್ಲ. ಹಚ್ಚೆ ಚುಚ್ಚಿಕೊಳ್ಳಲು ಅವನು ಬಳಸುವುದು, ಪುಸ್ತಕ ಮುಗಿಸಲೆಂದು ಇಜ್ಜಿ ಕೊಟ್ಟ ಲೇಖನಿ ಮತ್ತು ಶಾಯಿಯನ್ನು. ಕಾಗದಕ್ಕೆ ಹೋಗಬೇಕಾಗಿದ್ದ ಶಾಯಿ ಮೈಗೆ ಹೋಯಿತು. ಬರೆಯಲು ಒಲ್ಲದವನು ತನ್ನನ್ನೇ ಕಾಗದ ಮಾಡಿಕೊಂಡ. ಏಳನೆಯ ಹಂತದಲ್ಲಿ ಈ ವಿವರ ಎರಡು ವಿರುದ್ಧ ವಾದಗಳಿಗೆ ಸಾಕ್ಷಿ ಹೇಳಲು ಬರುತ್ತದೆ.

ಕೂದಲಿನ ಜಾಡೂ ಹೀಗೆಯೇ. ಪಯಣಿಗ ಮರದ ಹತ್ತಿರ ಕೈ ತಂದಾಗ ತೊಗಟೆಯ ಮೇಲಿನ ನವಿರು ಎದ್ದು ನಿಲ್ಲುತ್ತದೆ. ಹೆಂಡತಿಯ ಕತ್ತಿನ ಹಿಂಬದಿಯನ್ನು ಅಷ್ಟೇ ಹತ್ತಿರದಿಂದ ತೋರಿಸಿದ್ದಾರೆ. ಮರವೇ ಅವಳು ಎಂದು ಯಾವ ಪಾತ್ರವೂ ಹೇಳುವುದಿಲ್ಲ. ಸಂಕಲನ ಹೇಳುತ್ತದೆ.

ವಸ್ತುಗಳ ಜೊತೆಗೆ ಆಕಾರಗಳನ್ನೂ ನೋಡಿ. ಈ ಚಿತ್ರದಲ್ಲಿ ಯೋಧನ ಎಳೆಯಲ್ಲಿ ತ್ರಿಕೋನಗಳು, ವೈದ್ಯನ ಎಳೆಯಲ್ಲಿ ಚೌಕ ಮತ್ತು ಆಯತಗಳು, ಪಯಣಿಗನ ಎಳೆಯಲ್ಲಿ ವೃತ್ತ ಮತ್ತು ಗೋಳಗಳು ಮೇಲುಗೈ ಪಡೆದಿವೆ. ಒಂದು ಎಳೆಯ ಆಕಾರ ಇನ್ನೊಂದರೊಳಗೆ ನುಸುಳಿದ ಜಾಗ ಸಿಕ್ಕರೆ ಅಲ್ಲಿ ನಿಲ್ಲಿಸಿ ನೋಡಿ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಹದಿನೈದು ನಿಮಿಷ ಕೇಳುವುದೂ ಒಳ್ಳೆಯದು. ಕ್ಲಿಂಟ್ ಮ್ಯಾನ್ಸೆಲ್ ಸಂಯೋಜಿಸಿದ ಸಂಗೀತದಲ್ಲಿ ಒಂದೇ ಸ್ವರಗುಚ್ಛ ಎಳೆಯಿಂದ ಎಳೆಗೆ ದಾಟುವುದು ಕಿವಿಗೆ ಬೇಗ ಸಿಗುತ್ತದೆ.

ಹಂತ 5: ವಾಚ್ಯಾರ್ಥ (ನೇರ ಅರ್ಥ) ಮುರಿಯುವ ಜಾಗ ಗುರುತಿಸಿ

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ನಿಯಮವಿದೆ. "ಗಂಗೆಯ ಮೇಲೆ ಹಳ್ಳಿ" ಎಂದಾಗ ನೀರಿನ ಮೇಲೆ ಹಳ್ಳಿ ನಿಲ್ಲಲಾರದು. ನೇರ ಅರ್ಥಕ್ಕೆ ಅಡ್ಡಿಯಾಯಿತು. ಆದ್ದರಿಂದ ಮಾತ್ರ "ಗಂಗೆಯ ದಡದಲ್ಲಿ" ಎಂಬ ಲಕ್ಷ್ಯಾರ್ಥಕ್ಕೆ ಹೋಗುತ್ತೇವೆ. ಆಮೇಲೆ ಆ ಹಳ್ಳಿಯ ತಂಪು, ಪಾವಿತ್ರ್ಯ ಧ್ವನಿಯಾಗಿ, ಅಂದರೆ ಹೇಳದೆಯೇ ಸೂಚಿತವಾಗಿ ಹೊಳೆಯುತ್ತದೆ. ಮುಖ್ಯಾರ್ಥಕ್ಕೆ ಬಾಧೆ ಬಾರದೆ ಲಕ್ಷಣೆಗೆ ಹೋಗುವಂತಿಲ್ಲ. ಸಿನಿಮಾಕ್ಕೂ ಇದನ್ನು ಕಟ್ಟುನಿಟ್ಟಾಗಿ ಅನ್ವಯಿಸಿ. ನೇರ ಅರ್ಥ ನಡೆಯುವಷ್ಟು ದೂರ ನಡೆಯಲಿ. ಅದು ಎಡವಿ ಬಿದ್ದ ಜಾಗದಲ್ಲಷ್ಟೇ ಸಂಕೇತದ ಕೈ ಹಿಡಿಯಿರಿ.

ಹಾಗೆ ಹುಡುಕಿದರೆ ಬಿರುಕು ಸ್ಪಷ್ಟವಾಗಿ ಕಾಣುತ್ತದೆ. ಉರಿಯುವ ಖಡ್ಗ ಹಿಡಿದ ಮಾಯಾ ಪುರೋಹಿತ ಯೋಧನನ್ನು ಕೊಲ್ಲಲು ಕೈಯೆತ್ತುತ್ತಾನೆ. ಆ ಕ್ಷಣ ಅವನೆದುರು ಯೋಧನಿಲ್ಲ, ಪದ್ಮಾಸನದಲ್ಲಿ ತೇಲುತ್ತಿರುವ ಪಯಣಿಗನಿದ್ದಾನೆ. ಪುರೋಹಿತ ಕತ್ತು ಬಾಗಿಸುತ್ತಾನೆ. ಪುಸ್ತಕದೊಳಗಿನ ಪಾತ್ರವೊಂದು ಪುಸ್ತಕದ ಹೊರಗಿರುವವನನ್ನು ಕಂಡಿತು. ಅಂತರಿಕ್ಷಯಾನದ ಯಾವ ವಿವರಣೆಯಿಂದಲೂ ಇದನ್ನು ತೀರಿಸಲಾಗುವುದಿಲ್ಲ. ಇಲ್ಲಿಂದ ಮುಂದೆ ನೀವು ಸಂಕೇತದ ಮಾತಾಡಲು ಹಕ್ಕುಳ್ಳವರು, ಇಲ್ಲಿಯವರೆಗೆ ಅಲ್ಲ.

ಎಚ್ಚರಿಕೆಯ ಸೂಚನೆ: ನಿಮ್ಮ ಟಿಪ್ಪಣಿಯ ಮೊದಲ ಎರಡು ಪುಟದಲ್ಲೇ "ಪ್ರತೀಕ", "ರೂಪಕ" ಎಂಬ ಪದಗಳು ಮೂರು ನಾಲ್ಕು ಸಲ ಬಂದಿದ್ದರೆ ಎರಡನೆಯ ಹಂತಕ್ಕೆ ಹಿಂದಿರುಗಿ.

ಹಂತ 6: "ಅಮರತ್ವ" ಎಂಬ ಪದವನ್ನು ಬಿಡಿಸಿ

ಇಂಥ ಚಿತ್ರದ ಚರ್ಚೆ ಕೆಡುವುದು ಹೆಚ್ಚಾಗಿ ಒಂದೇ ಪದವನ್ನು ನಾಲ್ಕು ಅರ್ಥದಲ್ಲಿ ಬಳಸುವುದರಿಂದ. ದೇಹ ಸಾಯದೇ ಇರುವುದು ಒಂದು. ಸತ್ತ ಮೇಲೆ ಇನ್ನೊಂದು ಜೀವವಾಗಿ ಮುಂದುವರಿಯುವುದು ಇನ್ನೊಂದು. ಬರೆದದ್ದರಲ್ಲಿ, ಮಾಡಿದ್ದರಲ್ಲಿ ಉಳಿಯುವುದು ಮತ್ತೊಂದು. ಸಾವಿನ ಭಯವೇ ಅಳಿದು, ಸಾಯುವುದು ಬಿಡುವುದು ಎರಡೂ ಒಂದೇ ಆಗುವುದು ಬೇರೆಯೇ. ಪ್ರತಿ ಪಾತ್ರಕ್ಕೂ ಇವುಗಳಲ್ಲಿ ಯಾವುದು ಬೇಕಾಗಿದೆ, ಕೊನೆಗೆ ಯಾವುದು ಸಿಕ್ಕಿತು ಎಂದು ಬೇರೆ ಬೇರೆ ಬರೆಯಿರಿ.

ಬರೆದಾಗ ಅಚ್ಚರಿಯಾಗುತ್ತದೆ. ಯೋಧನಿಗೆ ಬೇಕಾಗಿದ್ದು ಮೊದಲನೆಯದು. ಮರದ ರಸ ಕುಡಿದಾಗ ಗಾಯ ಮಾಯುತ್ತದೆ, ಆದರೆ ಮರುಕ್ಷಣ ಅವನ ಮೈಯಿಂದಲೇ ಗಿಡ, ಹೂವು ಒಡೆದು ಬಂದು ಅವನು ಮಣ್ಣಾಗುತ್ತಾನೆ. ಕೇಳಿದ್ದು ಮೊದಲನೆಯದು, ಸಿಕ್ಕಿದ್ದು ಎರಡನೆಯದು. ಟಾಮಿ ಸಾವನ್ನು ಒಂದು ಕಾಯಿಲೆ ಎಂದೇ ಎಣಿಸಿದವನು. ಮರವೊಂದರಿಂದ ಅವನು ಪಡೆದ ಔಷಧ ಪ್ರಯೋಗದ ಕೋತಿಯ ಗಡ್ಡೆಯನ್ನು ಕುಗ್ಗಿಸುತ್ತದೆ, ಆ ಸುದ್ದಿ ಬರುವ ಹೊತ್ತಿಗೆ ಹೆಂಡತಿ ಕೈಮೀರಿರುತ್ತಾಳೆ. ಇಜ್ಜಿ ಒಬ್ಬಳೇ ಮೊದಲಿನಿಂದಲೂ ನಾಲ್ಕನೆಯದರ ಹತ್ತಿರ ಇದ್ದವಳು. ತಂದೆಯ ಸಮಾಧಿಯ ಮೇಲೆ ಬೀಜ ನೆಟ್ಟು, ತಂದೆ ಮರವಾದ ಎಂದು ನಂಬಿದ ಮಾರ್ಗದರ್ಶಿಯೊಬ್ಬನ ಕತೆಯನ್ನು ಅವಳೇ ಗಂಡನಿಗೆ ಹೇಳುತ್ತಾಳೆ.

ಕನ್ನಡದಲ್ಲಿ ಓದುವ ನಮಗೆ ಇಲ್ಲಿ ಒಂದು ವಿಶೇಷ ಅಪಾಯವಿದೆ. ಒಬ್ಬ ನಟ ಮೂರು ಕಾಲದಲ್ಲಿ ಕಂಡ, ಪದ್ಮಾಸನ ಹಾಕಿ ಕುಳಿತ ಎಂದ ಕೂಡಲೇ "ಪುನರ್ಜನ್ಮ" ಎಂಬ ಪದ ನಾಲಿಗೆಯ ತುದಿಗೆ ಬರುತ್ತದೆ. ಆದರೆ ಒಬ್ಬನೇ ಮೂರು ಸಲ ಹುಟ್ಟಿ ಬಂದ ಎಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಯೋಧ ಪುಸ್ತಕದ ಪಾತ್ರ ಎಂದು ಮೂರನೆಯ ಹಂತದಲ್ಲೇ ಗೊತ್ತಾಗಿದೆ. ಹುಟ್ಟದೇ ಇದ್ದವನು ಮರಳಿ ಹುಟ್ಟುವುದು ಹೇಗೆ? ನಮ್ಮ ಪರಂಪರೆಯಿಂದ ತರಲೇಬೇಕೆಂದರೆ ಅಶ್ವತ್ಥಾಮ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಅವನಿಗೆ ಚಿರಂಜೀವಿತ್ವ ವರವಲ್ಲ, ಶಾಪ. ಪಯಣಿಗನ ತೋಳಿನ ಪಟ್ಟಿಗಳನ್ನು ಆ ಕಣ್ಣಿನಿಂದ ನೋಡಿದರೆ ಅವು ಸಾಧನೆಯ ಲೆಕ್ಕವಾಗಿ ಉಳಿಯುವುದಿಲ್ಲ, ಶಿಕ್ಷೆಯ ಲೆಕ್ಕವಾಗುತ್ತವೆ.

ಹಂತ 7: ಮೂರು ವಾದ ಕಟ್ಟಿ, ಮೂರನ್ನೂ ಬೀಳಿಸಲು ನೋಡಿ

ಈಗ ಮಾತ್ರ ಕೊನೆಯ ಪ್ರಶ್ನೆ. ಒಂದು ವಾದ ಕಟ್ಟಬೇಡಿ, ಕನಿಷ್ಠ ಮೂರು ಕಟ್ಟಿ. ಪ್ರತಿಯೊಂದಕ್ಕೂ ಅದಕ್ಕೆ ಅತಿ ಹೆಚ್ಚು ಬಲ ಕೊಡುವ ಸಂಗತಿ, ಅದನ್ನು ಎಡವಿಸುವ ದೃಶ್ಯ, ಎರಡನ್ನೂ ಬರೆಯಿರಿ.

ಮೊದಲ ವಾದ: ಪಯಣಿಗ ನಿಜವಾಗಿ ಟಾಮಿಯೇ. ಮರದಿಂದ ಪಡೆದ ಔಷಧದಿಂದ ಶತಮಾನಗಟ್ಟಲೆ ಬದುಕಿ, ಹೆಂಡತಿಯ ಸಮಾಧಿಯ ಮೇಲೆ ಬೆಳೆದ ಮರವನ್ನು ನಕ್ಷತ್ರಕ್ಕೆ ಒಯ್ಯುತ್ತಿದ್ದಾನೆ. ಹಚ್ಚೆ, ಪ್ರಯೋಗದ ಫಲ, ಸಮಾಧಿಯಲ್ಲಿ ನೆಟ್ಟ ಬೀಜ, ಮೂರೂ ಇದರ ಪರ. ಎಡವುವುದು ಪುರೋಹಿತನ ದೃಶ್ಯದಲ್ಲಿ. ಅಲ್ಲದೆ ಆ ಗೋಳಕ್ಕೆ ಯಂತ್ರವಿಲ್ಲ, ಎಂಜಿನ್ ಇಲ್ಲ, ಅವನಿಗೆ ಅಂತರಿಕ್ಷದ ಉಡುಪು ಕೂಡ ಇಲ್ಲ. ತಂತ್ರಜ್ಞಾನದ ಕತೆ ಹೇಳಬೇಕಾಗಿದ್ದ ಚಿತ್ರ ಇಷ್ಟು ಖಾಲಿ ಬಿಡುತ್ತಿತ್ತೇ?

ಎರಡನೆಯ ವಾದ: ಪಯಣಿಗ, ಟಾಮಿ ಬರೆದು ಮುಗಿಸಿದ ಕೊನೆಯ ಅಧ್ಯಾಯ. ಮುಗಿಸು ಎಂಬ ಮಾತು ಎರಡೂ ಎಳೆಗಳಲ್ಲಿ ಕೇಳುತ್ತದೆ. ಪಯಣಿಗ ಸಾವಿಗೆ ಒಪ್ಪಿದ ನಂತರವೇ ಯೋಧನ ಕತೆ ಮುಂದಕ್ಕೆ ಹೋಗಿ ಮುಗಿಯುತ್ತದೆ. ಪುರೋಹಿತ ಕಂಡದ್ದು ಯಾರನ್ನು ಎಂಬುದಕ್ಕೂ ಉತ್ತರ ಸಿಗುತ್ತದೆ: ಕತೆಗೆ ಹೊಸ ಕತೆಗಾರ ಬಂದಿದ್ದಾನೆ. ಶಾಯಿಯ ವಿವರ ಇಲ್ಲಿ ಇನ್ನಷ್ಟು ತೂಗುತ್ತದೆ. ಎಡವುವುದು ಎಲ್ಲಿ? ಅವನು ಬರೆಯುವುದನ್ನು ನಾವು ನೋಡುವುದೇ ಇಲ್ಲ. ಬರೆಯಲು ಒಪ್ಪುವ ಬಹಳ ಮೊದಲೇ ಪಯಣಿಗನ ಎಳೆ ಶುರುವಾಗಿಬಿಟ್ಟಿದೆ.

ಮೂರನೆಯ ವಾದ: ಪಯಣಿಗ ಟಾಮಿಯ ದುಃಖವೇ, ಅವನ ಮನಸ್ಸಿನೊಳಗಿನ ಪ್ರಯಾಣ. ಇದು ಎಲ್ಲವನ್ನೂ ವಿವರಿಸುತ್ತದೆ, ಎಲ್ಲಿಯೂ ಎಡವುವುದಿಲ್ಲ. ಅದೇ ಇದರ ದೋಷ. ಯಾವ ದೃಶ್ಯ ಬಂದರೂ ತಲೆಯಾಡಿಸುವ ವಾದಕ್ಕೆ ಯಾವ ದೃಶ್ಯವೂ ಬೇಕಾಗಿಲ್ಲ. "ಎಲ್ಲ ಅವನ ಕಲ್ಪನೆ" ಎಂದು ಬರೆದವರಿಗೆ ನಾನು ಕೇಳುವುದಿಷ್ಟು: ಹಾಗಾದರೆ ಗೋಳದಲ್ಲಿ ಮರವೇ ಯಾಕಿದೆ, ನದಿ ಯಾಕಿಲ್ಲ? ತೊಗಟೆ ತಿನ್ನುವುದು ಯಾಕೆ? ಇದಕ್ಕೆ ವಾದದೊಳಗಿನಿಂದಲೇ ಉತ್ತರ ಬಂದರೆ ವಾದ ನಿಲ್ಲುತ್ತದೆ. ಬಾರದಿದ್ದರೆ ಅದು ನುಣುಚಿಕೊಳ್ಳುವ ದಾರಿ ಅಷ್ಟೇ.

ನನ್ನ ಒಲವು ಎರಡನೆಯದರ ಕಡೆಗೆ. ಕಾರಣ, ಮೊದಲ ಸಲ ನನ್ನನ್ನು ದಾರಿ ತಪ್ಪಿಸಿದ ದೃಶ್ಯಗಳಲ್ಲಿ ಹೆಚ್ಚಿನವನ್ನು ಅದು ಒತ್ತಾಯವಿಲ್ಲದೆ ಕೂರಿಸುತ್ತದೆ. ಆದರೂ ಕೊನೆಗೆ ಬೆರಳಿಗೆ ಬರುವ ಉಂಗುರ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಅದನ್ನು ಬಚ್ಚಿಡದೆ ಬರೆದಿಡುವುದೇ ಸರಿಯಾದ ವ್ಯಾಖ್ಯಾನದ ಲಕ್ಷಣ ಎಂದು ನಂಬಿದ್ದೇನೆ.

ಹಂತ 8: ಹೊರಗಿನ ಮಾಹಿತಿಯನ್ನು ಈಗ ತನ್ನಿ

ನಿರ್ದೇಶಕರ ಸಂದರ್ಶನ, ಪುರಾಣದ ಮೂಲ, ತಯಾರಿಕೆಯ ವಿವರ, ಎಲ್ಲವೂ ಈ ಹಂತಕ್ಕೆ. ಮೊದಲೇ ತಂದರೆ ನಿಮ್ಮ ಕಣ್ಣಿಗೆ ಇನ್ನೊಬ್ಬರ ಕನ್ನಡಕ ಬೀಳುತ್ತದೆ.

ತಂದಾಗ ಹೋಲಿಕೆಗಿಂತ ವ್ಯತ್ಯಾಸವನ್ನು ಹೆಚ್ಚು ಗಮನಿಸಿ. ಚಿತ್ರ ತೆರೆದುಕೊಳ್ಳುವುದು ಬೈಬಲಿನ ಆದಿಕಾಂಡದ 3ನೇ ಅಧ್ಯಾಯದ 24ನೇ ವಚನದಿಂದ: ಮನುಷ್ಯನನ್ನು ತೋಟದಿಂದ ಹೊರಹಾಕಿ, ಜೀವವೃಕ್ಷದ ದಾರಿಗೆ ಉರಿಯುವ ಖಡ್ಗದ ಕಾವಲಿಟ್ಟ ಸಂಗತಿ. ಆ ಖಡ್ಗವನ್ನು ಚಿತ್ರ ಮಾಯಾ ಪುರೋಹಿತನ ಕೈಗೆ ಕೊಟ್ಟಿದೆ. ಇನ್ನು ಪಯಣಿಗ ಸಾಗುತ್ತಿರುವ ನಕ್ಷತ್ರಕ್ಕಿಟ್ಟ ಶಿಬಾಲ್ಬಾ ಎಂಬ ಹೆಸರು ಮಾಯಾ ಜನರ ಪಾತಾಳಲೋಕದ್ದು. ಕಿಚೆ ಮಾಯಾ ಜನರ 'ಪೊಪೋಲ್ ವುಹ್' ಗ್ರಂಥದಲ್ಲಿ ಶಿಬಾಲ್ಬಾದ ಒಡೆಯರು ಹುನ್ ಹುನಾಪು ಎಂಬವನನ್ನು ಕೊಂದು ಅವನ ತಲೆಯನ್ನು ಒಂದು ಮರದಲ್ಲಿಡುತ್ತಾರೆ. ಅದುವರೆಗೆ ಕಾಯಿ ಬಿಡದ ಮರ ಕಾಯಿ ಬಿಡುತ್ತದೆ. ನೆಲದಡಿಯ ಲೋಕವನ್ನು ಚಿತ್ರ ಆಕಾಶಕ್ಕೆ ಏರಿಸಿದ್ದು ಯಾಕೆ ಎಂದು ಕೇಳಿಕೊಂಡರೆ, ಮೂಲವನ್ನು ಪತ್ತೆ ಹಚ್ಚಿದ್ದಕ್ಕಿಂತ ಹೆಚ್ಚಿನದು ಕೈಗೆ ಬರುತ್ತದೆ.

ಹೊರಗಿನ ಸಾಕ್ಷ್ಯಕ್ಕೆ ತೂಕ ಹಾಕುವುದನ್ನೂ ಕಲಿಯಬೇಕು. ಸ್ಪೇನ್‌ನ ಕ್ಯಾಸ್ಟೀಲ್ ರಾಜ್ಯದ ರಾಣಿ ಮೊದಲನೆಯ ಇಸಬೆಲ್ಲಾ 1504ರಲ್ಲೇ ತೀರಿಕೊಂಡಳು, ಗ್ವಾಟೆಮಾಲಾದ ಮಾಯಾ ನಾಡಿಗೆ ಸ್ಪೇನ್‌ನ ದಂಡು ಹೋದದ್ದು 1524ರಲ್ಲಿ. ಹಾಗಾದರೆ ಯೋಧನ ಕತೆ ಕಟ್ಟುಕತೆ ಎಂಬುದಕ್ಕೆ ಇದು ಪುರಾವೆ ಎಂದು ಕುಣಿಯಬಹುದು. ಆದರೆ ಸ್ಪೇನ್‌ನ ದೊರೆ ಐದನೆಯ ಚಾರ್ಲ್ಸ್‌ನನ್ನು 1526ರಲ್ಲಿ ಮದುವೆಯಾದ ಇನ್ನೊಬ್ಬ ಇಸಬೆಲ್ಲಾ ಇದ್ದಳು. ಆದ್ದರಿಂದ ಇದು ದುರ್ಬಲ ಸಾಕ್ಷ್ಯ. ಟಾಮಿ ಪುಸ್ತಕ ತೆರೆಯುವ ದೃಶ್ಯವೇ ಗಟ್ಟಿ ಸಾಕ್ಷ್ಯ, ಅದು ಚಿತ್ರದೊಳಗೇ ಇದೆ.

ತಯಾರಿಕೆಯ ಒಂದು ಸಂಗತಿ ಮಾತ್ರ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನಕ್ಷತ್ರಲೋಕದ ಅನೇಕ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸದೆ, ಪುಟ್ಟ ತಟ್ಟೆಯಲ್ಲಿ ನಡೆದ ರಾಸಾಯನಿಕ ಕ್ರಿಯೆಗಳನ್ನು ಛಾಯಾಗ್ರಾಹಕ ಪೀಟರ್ ಪಾರ್ಕ್ಸ್ ಅತಿ ಹತ್ತಿರದಿಂದ ಚಿತ್ರೀಕರಿಸಿ ಪಡೆದರು. ಬ್ರಹ್ಮಾಂಡದಂತೆ ಕಂಡದ್ದು ಪ್ರಯೋಗಶಾಲೆಯ ತಟ್ಟೆಯಷ್ಟು ಚಿಕ್ಕದು. ಟಾಮಿ ದಿನವಿಡೀ ಬಗ್ಗಿ ನೋಡುತ್ತಿದ್ದದ್ದೂ ಅಂಥದ್ದನ್ನೇ.

ಹಂತ 9: ಬರೆಯುವುದು, ಪರೀಕ್ಷಿಸುವುದು

ಪ್ರಶ್ನೆಗಳನ್ನು ಎರಡು ಪಾಲು ಮಾಡಿ. ಚಿತ್ರ ತಾನೇ ಮುಚ್ಚಿದ ಪ್ರಶ್ನೆಗಳು ಒಂದು ಕಡೆ: ಇಜ್ಜಿ ಸತ್ತಳೇ, ಯೋಧನ ಕತೆ ಬರೆದವರು ಯಾರು. ಬೇಕೆಂದೇ ತೆರೆದಿಟ್ಟವು ಇನ್ನೊಂದು ಕಡೆ: ಪಯಣಿಗ ಯಾರು, ಉಂಗುರ ಎಲ್ಲಿಂದ ಬಂತು. ಮುಚ್ಚಿದ್ದನ್ನು ತೆರೆದಿದೆ ಎನ್ನುವುದು ಸೋಮಾರಿತನ, ತೆರೆದದ್ದನ್ನು ಮುಚ್ಚುವುದು ದಬ್ಬಾಳಿಕೆ. ಆಮೇಲೆ ಒಂದೇ ಪುಟದಲ್ಲಿ ನಿಮ್ಮ ವ್ಯಾಖ್ಯಾನ ಬರೆಯಿರಿ. ಪ್ರತಿ ವಾಕ್ಯದ ಹಿಂದೆ ಕನಿಷ್ಠ ಒಂದು ದೃಶ್ಯವಿರಲಿ.

ಬರೆದಾದ ಮೇಲೆ ಮೂರನೆಯ ಸಲ ಚಿತ್ರ ಹಾಕಿ, ಒಂದೇ ದೃಶ್ಯಕ್ಕಾಗಿ ಕಾಯಿರಿ. ಮೊದಲ ಹಿಮ ಬಿದ್ದಿದೆ, ನಡೆದಾಡಿ ಬರೋಣ ಎಂದು ಇಜ್ಜಿ ಗಂಡನನ್ನು ಕರೆಯುವ ದೃಶ್ಯ. ಅವನಿಗೆ ಕೆಲಸವಿದೆ, ಒಲ್ಲೆ ಎನ್ನುತ್ತಾನೆ. ಆ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಲ ಬಂದಾಗ ಅವನು ಕೆಲಸ ಬಿಟ್ಟು ಅವಳ ಹಿಂದೆ ಹಿಮಕ್ಕೆ ಓಡುತ್ತಾನೆ. ಅದು ನೆನಪೇ, ಬರವಣಿಗೆಯೇ, ಬಯಕೆಯೇ? ನೀವು ಬರೆದ ಪುಟ ಇದಕ್ಕೆ ಉತ್ತರ ಕೊಡುತ್ತದೆಯೇ ನೋಡಿ. ಕೊಡದಿದ್ದರೆ ಪುಟವನ್ನು ಹರಿಯಬೇಡಿ. ಮೂರನೆಯ ಹಂತಕ್ಕೆ ಹಿಂದಿರುಗಿ, ಆ ದೃಶ್ಯದ ಪ್ರವೇಶದ ಬಾಗಿಲು ಯಾವುದು ಎಂದು ಮತ್ತೊಮ್ಮೆ ಬರೆದುಕೊಳ್ಳಿ.